ಪ್ರಿಂಟರ್ ಇಂಕ್, ಟೋನರ್, ಪೇಪರ್ ಕೊಳ್ಳುವ ಮುಂಚೆ ಬೆಲೆ ಹೋಲಿಸುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಿಂಟರ್ ಕೊಳ್ಳುವಾಗ ನಾಲ್ಕು ಕಡೆ ವಿಚಾರಿಸುತ್ತೇವೆ. ಇಂಕ್ ಮುಗಿದಾಗ ಮಾತ್ರ ಮೊದಲು ಕಣ್ಣಿಗೆ ಬಿದ್ದದ್ದನ್ನು ತಂದು ಹಾಕಿಬಿಡುತ್ತೇವೆ. ಆದರೆ ದುಡ್ಡು ವರ್ಷಾನುಗಟ್ಟಲೆ ಸೋರಿ ಹೋಗುವುದು ಅಲ್ಲೇ. ಅದಕ್ಕೇ ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಉದಾಹರಣೆಗಳಲ್ಲಿ ಬೆಲೆಗೆ ಬರೀ ಅಂಕಿ ಕೊಟ್ಟಿದ್ದೇನೆ. ಅದನ್ನು ನಿಮ್ಮ ಹಣದಲ್ಲಿ ಓದಿಕೊಳ್ಳಿ.

ಎರಡು ಕಾರ್ಟ್ರಿಡ್ಜ್‌ಗಳಲ್ಲಿ ಯಾವುದು ಅಗ್ಗ ಅಂತ ತಿಳಿಯುವುದು ಹೇಗೆ?

ಕಾರ್ಟ್ರಿಡ್ಜ್ ಅಂದರೆ ಮಸಿ ತುಂಬಿ ಪ್ರಿಂಟರ್ ಒಳಗೆ ಕೂರಿಸುವ ಪುಟ್ಟ ಪೆಟ್ಟಿಗೆ: ಇಂಕ್‌ಜೆಟ್ ಪ್ರಿಂಟರ್‌ಗೆ ದ್ರವದ ಇಂಕ್, ಲೇಸರ್ ಪ್ರಿಂಟರ್‌ಗೆ ಟೋನರ್ ಅನ್ನುವ ಪುಡಿ. ಅದರ ಬೆಲೆಯನ್ನು ಅದು ಕೊಡುವ ಪುಟಗಳ ಸಂಖ್ಯೆಯಿಂದ ಭಾಗಿಸಿ. ಬರುವ ಉತ್ತರವೇ ಒಂದು ಪುಟದ ಖರ್ಚು. ಹೋಲಿಸಬೇಕಾದದ್ದು ಆ ಅಂಕಿಯನ್ನು, ಡಬ್ಬದ ಮೇಲಿನ ಬೆಲೆಯನ್ನಲ್ಲ.

ಒಂದು ಕಾರ್ಟ್ರಿಡ್ಜ್ ಬೆಲೆ 100, ಅದರಿಂದ 200 ಪುಟ ಬರುತ್ತದೆ ಅಂತ ಇಟ್ಟುಕೊಳ್ಳಿ. ಇನ್ನೊಂದರ ಬೆಲೆ 180, ಪುಟ 480. ಮೊದಲನೆಯದರಲ್ಲಿ ಪುಟಕ್ಕೆ 0.50 ಬಿತ್ತು. ಎರಡನೆಯದರಲ್ಲಿ 0.375. ಕೈಯಿಂದ ಜಾಸ್ತಿ ಹೋಗುವುದು ಎರಡನೆಯದಕ್ಕೆ, ಆದರೆ ಪುಟದ ಲೆಕ್ಕದಲ್ಲಿ ಅದೇ ಕಾಲು ಭಾಗ ಅಗ್ಗ.

ಬಣ್ಣದ ಪುಟವಾದರೆ ಕಪ್ಪು, ಸಯಾನ್, ಮಜೆಂಟಾ, ಹಳದಿ ನಾಲ್ಕಕ್ಕೂ ಹೀಗೇ ಭಾಗಿಸಿ ಕೂಡಿಸಿ. ಬರೀ ಕಪ್ಪಿನ ಬೆಲೆ ನೋಡಿ ಮೋಸ ಹೋಗುವವರು ಬಹಳ. ಕಪ್ಪು ಅಗ್ಗವಾಗಿದ್ದು ಬಣ್ಣ ದುಬಾರಿಯಾಗಿರುವ ಪ್ರಿಂಟರ್‌ಗಳೂ ಇವೆ.

ಡಬ್ಬದ ಮೇಲೆ ಬರೆದ ಪುಟಗಳ ಸಂಖ್ಯೆಯನ್ನು ನಂಬಬಹುದಾ?

ಅದನ್ನು ಹೇಗೆ ಅಳೆದರು ಅನ್ನುವುದರ ಮೇಲೆ ಹೋಗುತ್ತದೆ. ಇದಕ್ಕೆ ಅಂತರರಾಷ್ಟ್ರೀಯ ಮಾನದಂಡಗಳಿವೆ. ಕಪ್ಪು ಲೇಸರ್ ಟೋನರ್‌ಗೆ ಐಎಸ್‌ಒ/ಐಇಸಿ 19752, ಬಣ್ಣದ ಟೋನರ್‌ಗೆ 19798, ಇಂಕ್ ಕಾರ್ಟ್ರಿಡ್ಜ್‌ಗೆ 24711. ಮೊದಲನೆಯದು 2004ರಲ್ಲಿ ಬಂತು. ಅದಕ್ಕೂ ಮುಂಚೆ ಒಂದೊಂದು ಕಂಪನಿ ಒಂದೊಂದು ರೀತಿ ಅಳೆದು ಸಂಖ್ಯೆ ಹಾಕಬಹುದಿತ್ತು. ಈಗ ಗೊತ್ತುಮಾಡಿದ ಅದೇ ಪರೀಕ್ಷಾ ಪುಟಗಳನ್ನು ಒಂದೇ ಸಮನೆ ಪ್ರಿಂಟ್ ಮಾಡುತ್ತಾರೆ. ಅಕ್ಷರ ಮಸುಕಾಗುವವರೆಗೆ ಅಥವಾ ಪ್ರಿಂಟರ್ ತಾನೇ ನಿಲ್ಲುವವರೆಗೆ ಎಣಿಸುತ್ತಾರೆ. ಒಂದೇ ಕಾರ್ಟ್ರಿಡ್ಜ್‌ನಿಂದ ತೀರ್ಮಾನಿಸುವುದಿಲ್ಲ, ಹಲವು ಪ್ರಿಂಟರ್ ಮತ್ತು ಹಲವು ಕಾರ್ಟ್ರಿಡ್ಜ್‌ಗಳಲ್ಲಿ ಪರೀಕ್ಷಿಸುತ್ತಾರೆ.

ಹಾಗಾಗಿ ಎರಡೂ ಡಬ್ಬದ ಮೇಲೆ ಒಂದೇ ಮಾನದಂಡದ ಹೆಸರು ಇದ್ದರೆ ಆ ಸಂಖ್ಯೆಗಳನ್ನು ಧೈರ್ಯವಾಗಿ ಪಕ್ಕಪಕ್ಕ ಇಟ್ಟು ನೋಡಿ. ಕಂಪ್ಯಾಟಿಬಲ್ ಕಾರ್ಟ್ರಿಡ್ಜ್ (ಪ್ರಿಂಟರ್ ಕಂಪನಿಯದ್ದಲ್ಲದೆ ಬೇರೆ ಕಂಪನಿ ಮಾಡಿದ್ದು) ಮಾರುವವರಲ್ಲಿ ಕೆಲವರು ಒರಿಜಿನಲ್‌ನ ಸಂಖ್ಯೆಯನ್ನೇ ಎತ್ತಿ ಹಾಕಿರುತ್ತಾರೆ. ಮಾನದಂಡದ ಹೆಸರಿಲ್ಲದೆ ಬರೀ "5% ಕವರೇಜ್" ಅಂತ ಇದ್ದರೆ ಅದನ್ನು ಅಂದಾಜು ಅಂತಷ್ಟೇ ತಿಳಿಯಿರಿ.

ನನಗೆ ಅಷ್ಟು ಪುಟ ಯಾವತ್ತೂ ಬಂದಿಲ್ಲವಲ್ಲ, ಯಾಕೆ?

ಮೂರು ಕಾರಣ ಇರಬಹುದು.

ಒಂದು, ನಿಮ್ಮ ಪುಟದ ತುಂಬ ಬಣ್ಣ. 5% ಕವರೇಜ್ ಅಂದರೆ ಪುಟದ ನೂರು ಭಾಗದಲ್ಲಿ ಐದು ಭಾಗಕ್ಕೆ ಮಾತ್ರ ಮಸಿ ತಗಲುವುದು. ನಾಲ್ಕಾರು ಪ್ಯಾರಾ ಇರುವ ಸಾದಾ ಪತ್ರ ಹಾಗಿರುತ್ತದೆ. ದಪ್ಪ ಲೋಗೊ, ಬಣ್ಣ ತುಂಬಿದ ಟೇಬಲ್, ಕಪ್ಪು ಪಟ್ಟಿ ಇದ್ದರೆ ಕವರೇಜ್ ಸುಲಭವಾಗಿ 10% ಆಗುತ್ತದೆ. ಪುಟಗಳು ಅರ್ಧಕ್ಕೆ ಇಳಿಯುತ್ತವೆ. ಇಡೀ ಹಾಳೆಯ ಫೋಟೋಗೆ ಈ ಲೆಕ್ಕ ಸುಮ್ನೆ ಹೊಂದುವುದೇ ಇಲ್ಲ.

ಎರಡು, ಇಂಕ್‌ಜೆಟ್‌ನ ಹೆಡ್ ಕ್ಲೀನಿಂಗ್. ಹೆಡ್ ಅಂದರೆ ಕಾಗದಕ್ಕೆ ಇಂಕ್ ಚಿಮ್ಮಿಸುವ ಭಾಗ. ಪರೀಕ್ಷೆಯಲ್ಲಿ ಬಿಡದೆ ಪ್ರಿಂಟ್ ಮಾಡುತ್ತಾರೆ. ಮನೆಯಲ್ಲಿ ವಾರಕ್ಕೆ ಎರಡು ಪುಟ. ಮಧ್ಯೆ ಹೆಡ್ ಒಣಗದಿರಲಿ ಅಂತ ಪ್ರಿಂಟರ್ ಆಗಾಗ ಇಂಕ್ ಹರಿಸಿ ತೊಳೆದುಕೊಳ್ಳುತ್ತದೆ. ಆ ಇಂಕ್ ಕಾಗದಕ್ಕೆ ಬರುವುದೇ ಇಲ್ಲ. ಅಪರೂಪಕ್ಕೆ ಪ್ರಿಂಟ್ ಮಾಡುವವರಿಗೆ ಲೇಸರ್ ಒಳ್ಳೆಯದು ಅನ್ನುವುದು ಇದಕ್ಕೇ. ಟೋನರ್ ಒಣ ಪುಡಿ, ಅದಕ್ಕೆ ಒಣಗುವ ಭಯ ಇಲ್ಲ. ಇಂಕ್‌ಜೆಟ್ ಇದ್ದರೆ ಅದನ್ನು ಅದರದೇ ಬಟನ್ ಒತ್ತಿ ಆಫ್ ಮಾಡಿ, ಗೋಡೆಯ ಸ್ವಿಚ್‌ನಿಂದ ಬೇಡ. ಬಟನ್ ಒತ್ತಿದಾಗ ಹೆಡ್ ತನ್ನ ಮುಚ್ಚಳದ ಜಾಗಕ್ಕೆ ಹೋಗಿ ಕೂರುತ್ತದೆ.

ಮೂರು, ಪ್ರಿಂಟರ್ ಜೊತೆ ಬಂದ ಕಾರ್ಟ್ರಿಡ್ಜ್. ಬಹಳಷ್ಟು ಮಾಡೆಲ್‌ಗಳಲ್ಲಿ ಅದು ಸ್ಟಾರ್ಟರ್ ಆಗಿರುತ್ತದೆ, ಒಳಗೆ ಕಡಿಮೆ ತುಂಬಿರುತ್ತದೆ. ಅದು ಬೇಗ ಖಾಲಿಯಾಯಿತು ಅಂತ ಎಲ್ಲವನ್ನೂ ಅದರಿಂದ ಅಳೆಯಬೇಡಿ.

ನಿಮ್ಮ ನಿಜವಾದ ಸಂಖ್ಯೆ ಬೇಕಾ? ಹೊಸ ಕಾರ್ಟ್ರಿಡ್ಜ್ ಹಾಕಿದ ದಿನ ಪ್ರಿಂಟರ್‌ನ ಸ್ಟೇಟಸ್ ಪೇಜ್ (ಪ್ರಿಂಟರ್ ತನ್ನ ಮಾಹಿತಿಯನ್ನು ತಾನೇ ಪ್ರಿಂಟ್ ಮಾಡಿಕೊಡುವ ಪುಟ) ತೆಗೆದು, ಅದರಲ್ಲಿರುವ ಒಟ್ಟು ಪುಟಗಳ ಎಣಿಕೆಯನ್ನು ಕಾರ್ಟ್ರಿಡ್ಜ್ ಡಬ್ಬದ ಮೇಲೇ ಬರೆದಿಡಿ. ಮುಗಿದ ದಿನ ಮತ್ತೆ ನೋಡಿ ಕಳೆಯಿರಿ. ಯಾವ ಜಾಹೀರಾತಿಗಿಂತ ಈ ಸಂಖ್ಯೆ ಮೇಲು. ಎರಡನೇ ಕಾರ್ಟ್ರಿಡ್ಜ್ ಕೊಳ್ಳುವಾಗಿನಿಂದ ನಿಮ್ಮ ಹೋಲಿಕೆ ನಿಜಕ್ಕೂ ನಿಮ್ಮದಾಗುತ್ತದೆ.

ಹಾಗಾದರೆ ಎಕ್ಸ್‌ಎಲ್ ಕೊಳ್ಳುವುದೇ ಯಾವಾಗಲೂ ಲಾಭವಾ?

ಇಲ್ಲ. ಎಕ್ಸ್‌ಎಲ್ ಅಂದರೆ ಜಾಸ್ತಿ ಇಂಕ್ ತುಂಬಿದ ದೊಡ್ಡ ಕಾರ್ಟ್ರಿಡ್ಜ್. ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ತಿಂಗಳಿಗೆ 10 ಪುಟ ಪ್ರಿಂಟ್ ಮಾಡುವವರಿಗೆ 480 ಪುಟದ ಕಾರ್ಟ್ರಿಡ್ಜ್ ನಾಲ್ಕು ವರ್ಷ ಬರಬೇಕು. ಇಂಕ್ ಅಷ್ಟು ದಿನ ಚೆನ್ನಾಗಿ ಉಳಿಯುವುದು ಕಷ್ಟ. ತೆರೆದ ಕಾರ್ಟ್ರಿಡ್ಜ್ ಅನ್ನು ಆರು ತಿಂಗಳೊಳಗೆ ಮುಗಿಸಿ ಅಂತ ಎಪ್ಸನ್ ತನ್ನ ಕೈಪಿಡಿಗಳಲ್ಲಿ ಹೇಳುತ್ತದೆ. ಎರಡು ವರ್ಷ ಹೇಗೋ ತಳ್ಳಿ, 240 ಪುಟಕ್ಕೆ ಅದನ್ನು ಎಸೆದಿರಿ ಅಂತ ಇಟ್ಟುಕೊಳ್ಳಿ. ಪುಟಕ್ಕೆ 0.75 ಆಯಿತು. ಚಿಕ್ಕ ಕಾರ್ಟ್ರಿಡ್ಜ್ 0.50ಕ್ಕೆ ಸಿಗುತ್ತಿತ್ತು.

ಲೇಸರ್ ಟೋನರ್ ವಿಷಯ ಬೇರೆ. ಪುಡಿ ವರ್ಷಗಟ್ಟಲೆ ಇರುತ್ತದೆ. ಅಲ್ಲಿ ದೊಡ್ಡದು ಬಹುತೇಕ ಲಾಭವೇ, ನಿಮ್ಮ ಪ್ರಿಂಟರ್‌ಗೆ ಅದು ಹೊಂದುವುದಾದರೆ.

ಹೊಂದುತ್ತದೋ ಇಲ್ಲವೋ ಅಂತ ಹೇಗೆ ನೋಡುವುದು?

ಹುಡುಕುವ ಮುಂಚೆ ಎರಡು ವಿಷಯ ಬರೆದುಕೊಳ್ಳಿ: ಪ್ರಿಂಟರ್‌ನ ಪೂರ್ತಿ ಮಾಡೆಲ್ ಹೆಸರು, ಈಗ ಒಳಗಿರುವ ಕಾರ್ಟ್ರಿಡ್ಜ್‌ನ ನಂಬರ್. ಕೊನೆಯ ಒಂದು ಅಕ್ಷರವನ್ನೂ ಬಿಡಬೇಡಿ.

ಎಚ್‌ಪಿಯ 83ಎ ಟೋನರ್ 1,500 ಪುಟದ್ದು, 83ಎಕ್ಸ್ 2,200 ಪುಟದ್ದು. ಎಕ್ಸ್ ಅಂದರೆ ದೊಡ್ಡದು. ಆದರೆ 83ಎ ಹಿಡಿಯುವ ಎಲ್ಲ ಪ್ರಿಂಟರ್‌ಗಳೂ 83ಎಕ್ಸ್ ಹಿಡಿಯುವುದಿಲ್ಲ. ಪುಟದ ಲೆಕ್ಕ ಮಾಡಿ, ಅಗ್ಗ ಅಂತ ಖುಷಿಪಟ್ಟು ತಂದು, ಡಬ್ಬ ಒಡೆದ ಮೇಲೆ ಹೊಂದಲಿಲ್ಲ ಅಂದರೆ ವಾಪಸ್ ಕೊಡುವುದೂ ಕಷ್ಟ. ಕಂಪನಿಯ ವೆಬ್‌ಸೈಟ್‌ನಲ್ಲಿ ನಿಮ್ಮ ಮಾಡೆಲ್ ಹಾಕಿ, ಅದಕ್ಕೆ ಹೊಂದುವ ಪಟ್ಟಿ ನೋಡಿ. ಅಂಗಡಿಯವರ ಪಟ್ಟಿ ನೋಡುವುದು ಆಮೇಲೆ.

ಇನ್ನೊಂದು ವಿಷಯವನ್ನು ಜನ ಗಮನಿಸುವುದಿಲ್ಲ. ಕೆಲವು ಕಂಪನಿಗಳ ಕಾರ್ಟ್ರಿಡ್ಜ್‌ಗಳಿಗೆ ಪ್ರದೇಶದ ಲಾಕ್ ಇರುತ್ತದೆ. ಬೇರೆ ಪ್ರದೇಶಕ್ಕೆ ತಯಾರಾದದ್ದು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಕಂಡರೂ, ಅಪ್ಪಟ ಒರಿಜಿನಲ್ ಆಗಿದ್ದರೂ, ನಿಮ್ಮ ಪ್ರಿಂಟರ್ ಅದನ್ನು ಒಪ್ಪದೆ ಇರಬಹುದು. ಹೊರದೇಶದಿಂದ ಬರುವ ಸಾಮಾನಾದರೆ ಮಾರುವವರನ್ನು ಮೊದಲೇ ಕೇಳಿ.

ಟೋನರ್ ಅಗ್ಗ ಇದೆ, ಆದರೆ ಡ್ರಮ್ ಬೇರೆ ಕೊಳ್ಳಬೇಕಂತೆ. ಇದನ್ನು ಹೇಗೆ ಲೆಕ್ಕ ಹಾಕುವುದು?

ಬಹಳ ಒಳ್ಳೆಯ ಪ್ರಶ್ನೆ. ಲೇಸರ್ ಪ್ರಿಂಟರ್ ಹೋಲಿಸುವಾಗ ಹೆಚ್ಚಿನವರು ಎಡವುವುದು ಇಲ್ಲೇ.

ಚಿತ್ರವನ್ನು ಹಿಡಿದು ಕಾಗದಕ್ಕೆ ದಾಟಿಸುವ ಉರುಳೆಯೇ ಡ್ರಮ್. ಎಚ್‌ಪಿಯ ಅನೇಕ ಚಿಕ್ಕ ಪ್ರಿಂಟರ್‌ಗಳಲ್ಲಿ ಅದು ಟೋನರ್ ಕಾರ್ಟ್ರಿಡ್ಜ್ ಒಳಗೇ ಇರುತ್ತದೆ. ಟೋನರ್ ಬದಲಿಸಿದಾಗ ಡ್ರಮ್ಮೂ ಹೊಸದು. ಬ್ರದರ್‌ನಂಥ ಕಂಪನಿಗಳಲ್ಲಿ ಎರಡೂ ಬೇರೆ. ಟೋನರ್ ನಂಬರ್ ಟಿಎನ್ ಅಂತ, ಡ್ರಮ್ ನಂಬರ್ ಡಿಆರ್ ಅಂತ ಶುರುವಾಗುತ್ತದೆ. ಹತ್ತಾರು ಟೋನರ್‌ಗೆ ಒಂದು ಡ್ರಮ್ ಸಾಕಾಗಬಹುದು.

ಬೇರೆ ಬೇರೆ ಇರುವ ಪ್ರಿಂಟರ್‌ನ ಟೋನರ್ ಬೆಲೆ 600, ಪುಟ 1,200 ಅನ್ನಿ. ಪುಟಕ್ಕೆ 0.50. ಡ್ರಮ್ ಬೆಲೆ 1,200, ಪುಟ 12,000. ಪುಟಕ್ಕೆ 0.10. ಒಟ್ಟು 0.60. ಡ್ರಮ್ ಒಳಗೇ ಇರುವ ಇನ್ನೊಂದು ಕಾರ್ಟ್ರಿಡ್ಜ್ ಬೆಲೆ 900, ಪುಟ 1,600. ಪುಟಕ್ಕೆ 0.56. ಬರೀ ಟೋನರ್ ನೋಡಿದ್ದರೆ ಮೊದಲನೆಯದೇ ಅಗ್ಗ ಅನಿಸುತ್ತಿತ್ತು. ಡ್ರಮ್ ಸೇರಿಸಿದ ಕೂಡಲೇ ಲೆಕ್ಕ ತಿರುಗಿತು.

ದೊಡ್ಡ ಬಣ್ಣದ ಲೇಸರ್‌ಗಳಲ್ಲಿ ವೇಸ್ಟ್ ಟೋನರ್ ಡಬ್ಬ, ಫ್ಯೂಸರ್ (ಪುಡಿಯನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುವ ಭಾಗ), ಟ್ರಾನ್ಸ್‌ಫರ್ ಬೆಲ್ಟ್ (ಬಣ್ಣಗಳನ್ನು ಕಾಗದಕ್ಕೆ ದಾಟಿಸುವ ಪಟ್ಟಿ) ಕೂಡ ಕಾಲಕಾಲಕ್ಕೆ ಬದಲಾಗಬೇಕು. ಅವಕ್ಕೂ ಪುಟಗಳ ಮಿತಿ ಇರುತ್ತದೆ. ಅದೇ ರೀತಿ ಭಾಗಿಸಿ ಕೂಡಿಸಿ.

ಒರಿಜಿನಲ್, ಕಂಪ್ಯಾಟಿಬಲ್, ರೀಫಿಲ್, ಡೂಪ್ಲಿಕೇಟ್: ಇವೆಲ್ಲ ಒಂದೇನಾ?

ಅಲ್ಲವೇ ಅಲ್ಲ. ಒರಿಜಿನಲ್ ಅಂದರೆ ಪ್ರಿಂಟರ್ ಕಂಪನಿಯದ್ದೇ. ಕಂಪ್ಯಾಟಿಬಲ್ ಅಂದರೆ ಬೇರೆ ಕಂಪನಿ ತನ್ನದೇ ಹೆಸರಲ್ಲಿ ಮಾಡಿದ್ದು. ಖಾಲಿ ಒರಿಜಿನಲ್ ಕಾರ್ಟ್ರಿಡ್ಜ್ ಅನ್ನು ಬಿಚ್ಚಿ, ತೊಳೆದು, ಸವೆದ ಭಾಗ ಬದಲಿಸಿ ಮತ್ತೆ ತುಂಬಿದರೆ ರೀಮ್ಯಾನುಫ್ಯಾಕ್ಚರ್ಡ್. ಬರೀ ಮಸಿ ತುಂಬಿದರೆ ರೀಫಿಲ್. ಈ ನಾಲ್ಕೂ ನೇರವಾದ ವ್ಯಾಪಾರ. ಬೇರೆಯವರ ಮಾಲನ್ನು ಒರಿಜಿನಲ್ ಕಂಪನಿಯ ಡಬ್ಬದಲ್ಲಿ, ಅದರ ಹೆಸರಲ್ಲಿ ಮಾರುವುದು ಡೂಪ್ಲಿಕೇಟ್. ಇದು ಮೋಸ. ಒರಿಜಿನಲ್ ಅಂತ ಹೇಳಿ ಎಲ್ಲರಿಗಿಂತ ತೀರಾ ಕಡಿಮೆಗೆ ಕೊಡುತ್ತಿದ್ದರೆ ಸೀಲ್, ಹೊಲೊಗ್ರಾಮ್, ಕ್ಯೂಆರ್ ಕೋಡ್ ಪರೀಕ್ಷಿಸದೆ ದುಡ್ಡು ಕೊಡಬೇಡಿ.

ಕಂಪ್ಯಾಟಿಬಲ್ ನಿಜಕ್ಕೂ ಅಗ್ಗ ಬೀಳುತ್ತದಾ?

ಬಹಳ ಸಲ ಹೌದು. ಆದರೆ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡಿ. ಒರಿಜಿನಲ್ 180ಕ್ಕೆ 480 ಪುಟ, ಅಂದರೆ 0.375. ಕಂಪ್ಯಾಟಿಬಲ್ ಬೆಲೆ 80. ಡಬ್ಬದ ಮೇಲೆ 480 ಅಂತಿದೆ, ನಿಜವಾಗಿ 350 ಬರುತ್ತದೆ ಅನ್ನಿ. ಐದರಲ್ಲಿ ಒಂದು ಕೆಲಸವೇ ಮಾಡಲಿಲ್ಲ, ವಾಪಸ್ಸೂ ಆಗಲಿಲ್ಲ ಅಂತಲೂ ಸೇರಿಸಿ. ಅಷ್ಟಾದರೂ ಪುಟಕ್ಕೆ 0.29 ಮಾತ್ರ. ಇಷ್ಟು ಕಠಿಣವಾಗಿ ನೋಡಿದರೂ ಅಗ್ಗವೇ.

ಆದರೂ ಕಣ್ಣು ಮುಚ್ಚಿ ಕೊಳ್ಳಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಇಂಕ್‌ಜೆಟ್‌ನ ಪ್ರಿಂಟ್ ಹೆಡ್ ಎಲ್ಲಿದೆ ಅಂತ ಮೊದಲು ನೋಡಿ. ಎಚ್‌ಪಿಯ ಅನೇಕ ಚಿಕ್ಕ ಮಾಡೆಲ್‌ಗಳಲ್ಲಿ ಹೆಡ್ ಕಾರ್ಟ್ರಿಡ್ಜ್‌ನಲ್ಲೇ ಇರುತ್ತದೆ. ಕೆಟ್ಟರೆ ಆ ಕಾರ್ಟ್ರಿಡ್ಜ್ ಎಸೆದರಾಯಿತು. ಎಪ್ಸನ್‌ನಲ್ಲಿ ಹೆಡ್ ಪ್ರಿಂಟರ್ ಒಳಗೇ ಇರುತ್ತದೆ. ಅಲ್ಲಿ ಕಳಪೆ ಇಂಕ್‌ನಿಂದ ಹೆಡ್ ಕಟ್ಟಿಕೊಂಡರೆ ರಿಪೇರಿ ಖರ್ಚು ಉಳಿತಾಯವನ್ನೆಲ್ಲ ನುಂಗಿಬಿಡಬಹುದು. ಹಾಗಾಗಿ ಹೆಡ್ ಒಳಗಿರುವ ಪ್ರಿಂಟರ್‌ಗೆ ಹೆಸರಿರುವ, ವಾಪಸ್ ತೆಗೆದುಕೊಳ್ಳುವ ಕಂಪ್ಯಾಟಿಬಲ್ ಮಾತ್ರ ಸಾಕು. ಅತಿ ಅಗ್ಗದ್ದು ಬೇಡ.

ಕೆಲಸವನ್ನೂ ನೋಡಿ. ಓದಿ ಎಸೆಯುವ ಹಾಳೆಗಳಿಗೆ ಕಂಪ್ಯಾಟಿಬಲ್ ಧಾರಾಳವಾಗಿ ಸಾಕು. ಹತ್ತಾರು ವರ್ಷ ಇಡಬೇಕಾದ ಫೋಟೋ, ದಾಖಲೆಗಳಿಗೆ ಬೇಡ. ಇಂಕ್‌ನಲ್ಲಿ ಡೈ (ಬಣ್ಣ ದ್ರವದಲ್ಲಿ ಕರಗಿರುವುದು), ಪಿಗ್ಮೆಂಟ್ (ಬಣ್ಣ ಸಣ್ಣ ಕಣಗಳಾಗಿರುವುದು) ಅಂತ ಎರಡು ಬಗೆ ಇವೆ. ಪಿಗ್ಮೆಂಟ್ ನೀರಿಗೂ ಬೆಳಕಿಗೂ ಜಾಸ್ತಿ ತಡೆದುಕೊಳ್ಳುತ್ತದೆ. ಒರಿಜಿನಲ್‌ನಲ್ಲಿ ಕಪ್ಪು ಪಿಗ್ಮೆಂಟ್ ಇದ್ದು, ಕಂಪ್ಯಾಟಿಬಲ್‌ನಲ್ಲಿ ಡೈ ಇದ್ದರೆ ಆ ಎರಡು ಬೆಲೆಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ, ಅಲ್ವಾ?

ಚಿಪ್ ಇರುವುದರಿಂದ ಬೇರೆ ಕಾರ್ಟ್ರಿಡ್ಜ್ ಓಡುವುದಿಲ್ಲ ಅಂತಾರೆ, ನಿಜಾನಾ?

ಕೆಲವು ಪ್ರಿಂಟರ್‌ಗಳಲ್ಲಿ ನಿಜ. ಕಾರ್ಟ್ರಿಡ್ಜ್ ಮೇಲಿನ ಚಿಪ್ ಅನ್ನು ಪ್ರಿಂಟರ್ ಓದುತ್ತದೆ. ತನ್ನ ಕಂಪನಿಯದಲ್ಲದಿದ್ದರೆ ನಿಲ್ಲಿಸಬಹುದು. ಎಚ್‌ಪಿ ಈ ವ್ಯವಸ್ಥೆಗೆ ಡೈನಾಮಿಕ್ ಸೆಕ್ಯುರಿಟಿ ಅಂತ ಹೆಸರಿಟ್ಟಿದೆ. ಫರ್ಮ್‌ವೇರ್ (ಪ್ರಿಂಟರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆದ ಮೇಲೆ, ನಿನ್ನೆವರೆಗೆ ಓಡುತ್ತಿದ್ದ ಕಂಪ್ಯಾಟಿಬಲ್ ಇವತ್ತು ನಿಲ್ಲಬಹುದು. ಎಚ್‌ಪಿಯದ್ದೇ ಚಿಪ್ ಉಳಿಸಿಕೊಂಡ ರೀಫಿಲ್, ರೀಮ್ಯಾನುಫ್ಯಾಕ್ಚರ್ಡ್ ಕಾರ್ಟ್ರಿಡ್ಜ್‌ಗಳನ್ನು ಇದು ತಡೆಯುವುದಿಲ್ಲ ಅಂತ ಕಂಪನಿಯೇ ಹೇಳುತ್ತದೆ.

ಇದರ ಹಿಂದೆ ದೊಡ್ಡ ಜಗಳಗಳೇ ನಡೆದಿವೆ. ಖಾಲಿ ಕಾರ್ಟ್ರಿಡ್ಜ್ ತುಂಬಿ ಮಾರಿದ ಇಂಪ್ರೆಷನ್ ಪ್ರಾಡಕ್ಟ್ಸ್ ಕಂಪನಿಯ ಮೇಲೆ ಪ್ರಿಂಟರ್ ಕಂಪನಿ ಲೆಕ್ಸ್‌ಮಾರ್ಕ್ ಮೊಕದ್ದಮೆ ಹೂಡಿತ್ತು. ಒಮ್ಮೆ ಮಾರಿದ ಮೇಲೆ ಆ ವಸ್ತುವಿನ ಮೇಲೆ ಪೇಟೆಂಟ್ ಹಕ್ಕು ಚಲಾಯಿಸುವಂತಿಲ್ಲ ಅಂತ 2017ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ರೀಫಿಲ್ ಮಾಡುವವರಿಗೆ ಅದು ದೊಡ್ಡ ಬಲ. ಆದರೆ ಚಿಪ್ಪಿನ ತಡೆ ಅದರಿಂದ ಹೋಗಲಿಲ್ಲ.

ಮಾರುವವರನ್ನು ಹೀಗೆ ಕೇಳಿ: "ಈಗಿನ ಫರ್ಮ್‌ವೇರ್‌ನಲ್ಲಿ ಓಡುತ್ತಾ? ಓಡದಿದ್ದರೆ ದುಡ್ಡು ವಾಪಸ್ ಕೊಡ್ತೀರಾ?" ಎರಡಕ್ಕೂ ಹೌದು ಅನ್ನುವವರ ಬೆಲೆಯನ್ನು ಮಾತ್ರ ನಿಮ್ಮ ಪಟ್ಟಿಗೆ ಸೇರಿಸಿ.

ಕಂಪ್ಯಾಟಿಬಲ್ ಹಾಕಿದರೆ ಪ್ರಿಂಟರ್ ವಾರಂಟಿ ಹೋಗುತ್ತಾ?

ದೇಶದ ಕಾನೂನು, ವಾರಂಟಿ ಕಾರ್ಡ್ ಎರಡನ್ನೂ ಓದಿ. ಬೇರೆ ಕಾರ್ಟ್ರಿಡ್ಜ್‌ನಿಂದಲೇ ಆದ ಹಾನಿಯನ್ನು ಕಂಪನಿಗಳು ಸಾಮಾನ್ಯವಾಗಿ ಸರಿಪಡಿಸಿ ಕೊಡುವುದಿಲ್ಲ.

ಆನ್‌ಲೈನ್‌ನಲ್ಲಿ ಒಂದೇ ಕಾರ್ಟ್ರಿಡ್ಜ್‌ಗೆ ಹತ್ತು ಬೆಲೆ ಕಾಣುತ್ತದೆ. ಯಾವುದನ್ನು ಹಿಡಿಯಲಿ?

ಪಾವತಿ ಮಾಡುವ ಕೊನೆಯ ಪುಟದಲ್ಲಿ ಕಾಣುವ ಬೆಲೆಯನ್ನು. ತೆರಿಗೆ, ಸಾಗಣೆ, ಪ್ಯಾಕಿಂಗ್ ಎಲ್ಲ ಸೇರುವುದು ಅಲ್ಲಿ. ಸಾಗಣೆ ಉಚಿತವಾಗಲಿ ಅಂತ ಬೇಡದ ಇನ್ನೊಂದು ಸಾಮಾನು ಸೇರಿಸಿದರೆ ಉಳಿದದ್ದು ಅಲ್ಲೇ ಹೋಯಿತು. ಗೆರೆ ಎಳೆದು ಹೊಡೆದ "ಹಳೆ ಬೆಲೆ"ಯನ್ನು ನೋಡಲೇಬೇಡಿ. ಹೋಲಿಸಬೇಕಾದದ್ದು ಇವತ್ತು ಬೇರೆಯವರು ಕೇಳುತ್ತಿರುವ ಬೆಲೆಯ ಜೊತೆ.

ಮಾರುವವರು ಯಾರು, ತೆರೆದ ಡಬ್ಬವನ್ನು ವಾಪಸ್ ತೆಗೆದುಕೊಳ್ಳುತ್ತಾರಾ, ಡಬ್ಬದ ಮೇಲಿನ ದಿನಾಂಕ ಯಾವುದು: ಇಷ್ಟನ್ನು ಬೆಲೆಯ ಪಕ್ಕದಲ್ಲೇ ಬರೆದುಕೊಳ್ಳಿ. ಇಂಕ್ ವಿಷಯದಲ್ಲಿ ದಿನಾಂಕ ಬಹಳ ಮುಖ್ಯ. ಭಾರಿ ರಿಯಾಯಿತಿಯಲ್ಲಿ ಬರುವ ಮಾಲು ಕೆಲವೊಮ್ಮೆ ಹಳೆಯ ದಾಸ್ತಾನು.

ನಾಲ್ಕು ಬಣ್ಣದ ಕಾಂಬೊ ಪ್ಯಾಕ್ ತೆಗೆದುಕೊಳ್ಳಲಾ?

ನಾಲ್ಕೂ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುತ್ತಿದ್ದರೆ ತೆಗೆದುಕೊಳ್ಳಿ. ಕಪ್ಪು 100, ಉಳಿದ ಮೂರು ತಲಾ 90, ಬಿಡಿಯಾಗಿ ಒಟ್ಟು 370. ಕಾಂಬೊ 340. ಉಳಿದದ್ದು 30. ಅದರಲ್ಲಿ ಎರಡು ಬಣ್ಣ ಬಳಸದೆ ಒಣಗಿದರೆ ಹೋದದ್ದು 180. ಮೂರು ಬಣ್ಣ ಒಂದರಲ್ಲೇ ಇರುವ ಕಾರ್ಟ್ರಿಡ್ಜ್‌ನಲ್ಲಂತೂ ಒಂದು ಬಣ್ಣ ಮುಗಿದರೆ ಇಡೀ ಕಾರ್ಟ್ರಿಡ್ಜ್ ಬದಲಿಸಬೇಕು.

ಮಿಲಿಲೀಟರ್ ಲೆಕ್ಕದಲ್ಲಿ ಹೋಲಿಸಬಹುದಾ?

ಒಂದೇ ಪ್ರಿಂಟರ್‌ನ ಎರಡು ಬಾಟಲಿಗಳಿಗೆ ಮಾತ್ರ. ಬೇರೆ ಬೇರೆ ಪ್ರಿಂಟರ್‌ಗಳಲ್ಲಿ ಹನಿಯ ಗಾತ್ರ ಬೇರೆ, ಕ್ಲೀನಿಂಗ್‌ಗೆ ಹೋಗುವ ಇಂಕ್ ಬೇರೆ. ಅಲ್ಲಿ ಪುಟದ ಲೆಕ್ಕವೇ ಗಟ್ಟಿ.

ಇಂಕ್ ಟ್ಯಾಂಕ್ ಪ್ರಿಂಟರ್, ತಿಂಗಳ ಚಂದಾ ಇವನ್ನು ಹೇಗೆ ಹೋಲಿಸುವುದು?

ಕಾರ್ಟ್ರಿಡ್ಜ್ ಬದಲು ಬಾಟಲಿಯಿಂದ ಇಂಕ್ ಸುರಿದು ತುಂಬುವ ಟ್ಯಾಂಕ್ ಪ್ರಿಂಟರ್‌ನಲ್ಲಿ ಯಂತ್ರದ ಬೆಲೆ ಜಾಸ್ತಿ, ಇಂಕ್ ಅಗ್ಗ. ಎಪ್ಸನ್ ಇದನ್ನು 2010ರಲ್ಲಿ ಇಂಡೋನೇಷ್ಯಾದಲ್ಲಿ ಮೊದಲು ಮಾರಿತು, ಆಮೇಲೆ ಕ್ಯಾನನ್, ಎಚ್‌ಪಿ ಕೂಡ ಬಂದವು. ಒಂದು ಬಾಟಲಿಯಿಂದ ಸಾವಿರಾರು ಪುಟ. ಮೊದಲ ಸಲ ತುಂಬಿದಾಗ ಸ್ವಲ್ಪ ಇಂಕ್ ಕೊಳವೆಗಳನ್ನು ತುಂಬಲಿಕ್ಕೇ ಹೋಗುತ್ತದೆ, ಹಾಗಾಗಿ ಮೊದಲ ಬಾಟಲಿಯಲ್ಲಿ ಪುಟ ಕಡಿಮೆ. ಎಷ್ಟು ಪುಟಕ್ಕೆ ಗಿಟ್ಟುತ್ತದೆ ಅಂತ ನೋಡಲು, ಯಂತ್ರದ ಬೆಲೆಯಲ್ಲಿರುವ ವ್ಯತ್ಯಾಸವನ್ನು ಪುಟದ ಖರ್ಚಿನಲ್ಲಿರುವ ವ್ಯತ್ಯಾಸದಿಂದ ಭಾಗಿಸಿ. ಯಂತ್ರಕ್ಕೆ 900 ಜಾಸ್ತಿ ಕೊಟ್ಟು ಪುಟಕ್ಕೆ 0.30 ಉಳಿದರೆ 3,000 ಪುಟ ಆದ ಮೇಲೆ ಲಾಭ ಶುರು.

ಚಂದಾದಲ್ಲಿ ದುಡ್ಡು ಇಂಕ್‌ಗಲ್ಲ, ಪುಟಕ್ಕೆ. ಎಚ್‌ಪಿಯ ಇನ್‌ಸ್ಟಂಟ್ ಇಂಕ್ ಹಾಗೇ ನಡೆಯುತ್ತದೆ. ಒಂದು ಸಾಲಿನ ಪುಟಕ್ಕೂ ಇಡೀ ಹಾಳೆಯ ಫೋಟೋಗೂ ಅದರಲ್ಲಿ ಒಂದೇ ಲೆಕ್ಕ. ಬಣ್ಣ ತುಂಬಿದ ಪುಟಗಳನ್ನೇ ತೆಗೆಯುವವರಿಗೆ ಇದು ಒಳ್ಳೆಯ ವ್ಯವಹಾರ. ಬರೀ ಅಕ್ಷರ ಪ್ರಿಂಟ್ ಮಾಡುವವರಿಗೆ ಅಷ್ಟಾಗಿ ಅಲ್ಲ. ಚಂದಾ ನಿಲ್ಲಿಸಿದರೆ ಅವರು ಕಳಿಸಿದ ಕಾರ್ಟ್ರಿಡ್ಜ್ ಒಳಗೆ ಇಂಕ್ ಇದ್ದರೂ ಕೆಲಸ ಮಾಡುವುದಿಲ್ಲ. ಸೇರುವ ಮುಂಚೆಯೇ ಇದು ತಿಳಿದಿರಲಿ.

ಪೇಪರ್ ಕೊಳ್ಳುವಾಗ ಏನು ನೋಡಬೇಕು?

ಜಿಎಸ್‌ಎಂ ಮತ್ತು ಹಾಳೆಗಳ ಸಂಖ್ಯೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು. ಒಂದು ರೀಮ್ ಅಂದರೆ 500 ಹಾಳೆ. ಎ4 ಹಾಳೆ ಚದರ ಮೀಟರಿನ ಹದಿನಾರನೇ ಒಂದು ಭಾಗ. ಹಾಗಾಗಿ 80 ಜಿಎಸ್‌ಎಂನ ಒಂದು ಹಾಳೆ ಸುಮಾರು 5 ಗ್ರಾಂ, ಒಂದು ರೀಮ್ ಸುಮಾರು 2.5 ಕಿಲೋ. 75 ಆದರೆ ಸುಮಾರು 2.3 ಕಿಲೋ, 70 ಆದರೆ 2.2 ಕಿಲೋ. ಅನುಮಾನ ಬಂದರೆ ತೂಗಿ ನೋಡಿ. 80 ಅಂತ ಬರೆದು 70ರ ಕಾಗದ ಕೊಟ್ಟಿದ್ದರೆ ತಕ್ಕಡಿಯಲ್ಲಿ ಗೊತ್ತಾಗುತ್ತದೆ.

ಎರಡೂ ಬದಿ ಪ್ರಿಂಟ್ ಮಾಡುವವರು ತೀರಾ ತೆಳ್ಳನೆಯದನ್ನು ತರಬೇಡಿ. ಹಿಂದಿನ ಅಕ್ಷರ ಮುಂದೆ ಕಾಣುತ್ತದೆ, ಆಮೇಲೆ ಒಂದೇ ಬದಿ ಬಳಸಬೇಕಾಗುತ್ತದೆ. ಕಾಗದದ ಖರ್ಚು ಎರಡರಷ್ಟಾಯಿತು. ಫೋಟೋ ಪೇಪರ್‌ನಲ್ಲಿ ಇಂಕ್‌ಜೆಟ್‌ನದ್ದು ಬೇರೆ, ಲೇಸರ್‌ನದ್ದು ಬೇರೆ. ಇಂಕ್‌ಜೆಟ್‌ನ ಹೊಳಪು ಕಾಗದವನ್ನು ಲೇಸರ್‌ಗೆ ಹಾಕಬೇಡಿ. ಫ್ಯೂಸರ್ ಬಿಸಿಗೆ ಅದರ ಲೇಪ ಕರಗಿ ಯಂತ್ರ ಕೆಡಬಹುದು.

ಇಷ್ಟೆಲ್ಲ ಹೋಲಿಸಲು ಪುರುಸೊತ್ತು ಎಲ್ಲಿದೆ? ಇಂಕ್ ಮುಗಿಯುವುದೇ ಅರ್ಜೆಂಟ್ ಇದ್ದಾಗ.

ಅದಕ್ಕೇ "ಇಂಕ್ ಕಡಿಮೆ ಇದೆ" ಅನ್ನುವ ಮೊದಲ ಸೂಚನೆ ಬಂದ ದಿನವೇ ಬೆಲೆ ನೋಡಲು ಶುರು ಮಾಡಿ. ಸೂಚನೆ ಬಂತು ಅಂತ ಕೂಡಲೇ ಕಾರ್ಟ್ರಿಡ್ಜ್ ತೆಗೆದು ಎಸೆಯಬೇಡಿ. ಆ ಸೂಚನೆ ಬರುವಾಗ ಒಳಗೆ ಇನ್ನೂ ಸಾಕಷ್ಟು ಉಳಿದಿರುತ್ತದೆ. ಲೇಸರ್ ಆದರೆ, ಅಕ್ಷರ ಮಸುಕಾದಾಗ ಟೋನರ್ ಹೊರತೆಗೆದು ಅಡ್ಡಡ್ಡ ಮೆಲ್ಲಗೆ ಅಲುಗಾಡಿಸಿ ಹಾಕಿ, ಇನ್ನೊಂದಷ್ಟು ಪುಟ ಬರುತ್ತವೆ. ಆ ಹೊತ್ತಿನಲ್ಲಿ ನಿಧಾನವಾಗಿ ಮೂರ್ನಾಲ್ಕು ಕಡೆ ವಿಚಾರಿಸಬಹುದು. ಟೋನರ್ ಬಳಸುವವರು ಒಂದನ್ನು ಕಪಾಟಿನಲ್ಲಿ ಇಟ್ಟುಕೊಂಡಿರಿ. ಇಂಕ್ ಮಾತ್ರ ಜಾಸ್ತಿ ಕೂಡಿಡಬೇಡಿ.

ಕಾರ್ಟ್ರಿಡ್ಜ್ ಬೆಲೆಗೆ ಹೊಸ ಪ್ರಿಂಟರೇ ಬರುತ್ತದೆ. ಅದನ್ನೇ ಕೊಳ್ಳಲಾ?

ಹೊಸ ಪ್ರಿಂಟರ್ ಜೊತೆ ಬರುವುದು ಸ್ಟಾರ್ಟರ್ ಕಾರ್ಟ್ರಿಡ್ಜ್ ಆಗಿದ್ದರೆ ಲೆಕ್ಕ ಕೂಡುವುದಿಲ್ಲ. ಅದರ ಪುಟಗಳನ್ನು ಎಣಿಸಿ ನೋಡಿ: ಪೂರ್ತಿ ಕಾರ್ಟ್ರಿಡ್ಜ್‌ನಿಂದ 1,500 ಪುಟ, ಸ್ಟಾರ್ಟರ್‌ನಿಂದ 700 ಅಂದರೆ, ಅದೇ ದುಡ್ಡಿಗೆ ಅರ್ಧಕ್ಕಿಂತ ಕಡಿಮೆ ಪುಟ ಸಿಕ್ಕಿತು. ಮೇಲೆ ಸುಸ್ಥಿತಿಯಲ್ಲಿದ್ದ ಒಂದು ಯಂತ್ರ ಕಸವಾಯಿತು. ಹಳೆಯ ಪ್ರಿಂಟರ್ ನಿಜವಾಗಿ ಸವೆದಿದ್ದರೆ, ಅಥವಾ ಅದರ ಪುಟದ ಖರ್ಚು ವರ್ಷವರ್ಷವೂ ಹೊರೆಯಾಗಿದ್ದರೆ ಮಾತ್ರ ಬದಲಿಸಿ. ಆಗ ಅಂಗಡಿಯಲ್ಲಿ ಪ್ರಿಂಟರ್‌ನ ಬೆಲೆ ಕೇಳುವ ಮುಂಚೆ ಅದರ ಕಾರ್ಟ್ರಿಡ್ಜ್‌ನ ಬೆಲೆ, ಪುಟ, ಡ್ರಮ್ ಬೇರೆಯಾ ಅಂತ ಕೇಳಿ.